ರಿಪೋರ್ಟಿನ ವಯಸ್ಸು, ರಕ್ತನಾಳದ ವಯಸ್ಸು

ಗಚ್ಚಿಬೌಲಿಯ ಐಟಿ ಕಂಪನಿಗಳಲ್ಲಿ ದುಡಿಯುವವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಮೂಲು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿರುವಾಗ ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ರಾತ್ರಿಯೊಳಗೆ ಪುಟಗಟ್ಟಲೆ ರಿಪೋರ್ಟು ಮೊಬೈಲಿಗೆ ಬರುತ್ತದೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಕೊಂಡಾಪುರ, ನಾನಕ್‌ರಾಮ್‌ಗುಡದಲ್ಲಿ ಮನೆ ಮಾಡಿಕೊಂಡ ನಮ್ಮ ಹುಡುಗ ಹುಡುಗಿಯರು ಅದನ್ನು ಊರಿನ ಅಪ್ಪ ಅಮ್ಮನಿಗೆ ಕಳಿಸುವುದೂ ಉಂಟು. ಈಚೆಗೆ ಕೆಲವು ಪ್ಯಾಕೇಜುಗಳಲ್ಲಿ ‘ಬಯಲಾಜಿಕಲ್ ಏಜ್’ ಎಂಬ ಸಾಲೊಂದು ಸೇರಿಕೊಂಡಿದೆ. ನಿಮ್ಮ ವಯಸ್ಸು 34, ದೇಹದ ವಯಸ್ಸು 41 ಎನ್ನುವಂಥ ಲೆಕ್ಕ ಅದು. ನೋಡಿದವರಿಗೆ ಗಾಬರಿಯಾಗುವುದು ಸಹಜ.

ಈ ಲೆಕ್ಕ ಎಲ್ಲಿಂದ ಬಂತು, ನಿಜವಾಗಿ ಮುದಿಯಾಗುವ ರಕ್ತನಾಳಕ್ಕೂ ಅದಕ್ಕೂ ಏನು ಸಂಬಂಧ ಎಂಬುದನ್ನು ಬಿಡಿಸಿ ನೋಡಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ. ಈ ಪ್ರಶ್ನೆಗೆ ಬೆಳಕು ಚೆಲ್ಲುವ ಎರಡು ಅಧ್ಯಯನಗಳು ಹೈದರಾಬಾದಿನವೇ. ಒಂದು ಗಚ್ಚಿಬೌಲಿಯದು, ಇನ್ನೊಂದು ಇದೇ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳದು. ಮೊದಲನೆಯದು ದೊಡ್ಡ ಸುದ್ದಿಯಾಯಿತು. ಎರಡನೆಯದು ನನ್ನ ಮಟ್ಟಿಗೆ ಹೆಚ್ಚು ಮಹತ್ವದ್ದು, ಆದರೆ ಅದರ ಹೆಸರು ಕೇಳಿದವರು ಕಡಿಮೆ.

ಮೊದಲನೆಯದನ್ನು ನಡೆಸಿದವರು ಗಚ್ಚಿಬೌಲಿಯಲ್ಲಿರುವ ಹೈದರಾಬಾದ್ ವಿಶ್ವವಿದ್ಯಾಲಯದ ಕಲ್ಯಾಣಕರ್ ಮಹಾದೇವ್, ಸಿ.ಟಿ. ಅನಿತಾ ಹಾಗೂ ಎಐಜಿ ಆಸ್ಪತ್ರೆಯ ಪಿ.ಎನ್. ರಾವ್ ಅವರ ತಂಡ. ನಗರದ 345 ಐಟಿ ಉದ್ಯೋಗಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ 84 ಮಂದಿಯ ಲಿವರಿನಲ್ಲಿ ಕೊಬ್ಬು ತುಂಬಿತ್ತು. ನೂರಕ್ಕೆ 71 ಮಂದಿಗೆ ಬೊಜ್ಜು. ನೂರಕ್ಕೆ 34 ಮಂದಿಗೆ ಸೊಂಟದ ಸುತ್ತಳತೆ, ಬಿಪಿ, ಶುಗರ್, ಕೊಬ್ಬಿನಂಶ ಒಟ್ಟೊಟ್ಟಿಗೇ ಏರುವ ಮೆಟಬಾಲಿಕ್ ಸಿಂಡ್ರೋಮ್. 2025ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ದಿನವಿಡೀ ಕೂತು ಮಾಡುವ ಕೆಲಸ, ಪಾಳಿಯಿಂದ ಕೆಟ್ಟ ನಿದ್ದೆ, ತಡರಾತ್ರಿಯ ಊಟ, ಒತ್ತಡ ಎಲ್ಲವೂ ಇದರ ಹಿಂದಿವೆ.

ಲಿವರಿನ ಸುದ್ದಿಗೂ ರಕ್ತನಾಳಕ್ಕೂ ಏನು ನಂಟು? ರಿಪೋರ್ಟಿನಲ್ಲಿ ನಾವು ಭಯದಿಂದ ನೋಡುವ ಅನೇಕ ಸಂಖ್ಯೆಗಳ ತವರುಮನೆ ಲಿವರೇ. ಉರಿಯೂತ ತಿಳಿಸುವ ಸಿಆರ್‌ಪಿ ಅಲ್ಲಿ ತಯಾರಾಗುತ್ತದೆ. ಆಲ್ಬುಮಿನ್ ಅಲ್ಲಿಯದೇ. ಕೆಟ್ಟ ಕೊಲೆಸ್ಟ್ರಾಲನ್ನು ಹೊತ್ತೊಯ್ಯುವ ಅಪೊಬಿ ಕಣಗಳು ಹೊರಡುವುದೂ ಬಹುಪಾಲು ಅಲ್ಲಿಂದಲೇ. ತಂದೆತಾಯಿಯಿಂದ ಬಂದು ಬದುಕಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವ ಲಿಪೊಪ್ರೊಟೀನ್-ಎ ಸಹ ಲಿವರಿನ ಸರಕು. (ಇದನ್ನು ಆಯುಷ್ಯದಲ್ಲಿ ಒಮ್ಮೆ ಪರೀಕ್ಷಿಸಿಕೊಂಡರೆ ಸಾಕು, ವರ್ಷವರ್ಷ ದುಡ್ಡು ಸುರಿಯಬೇಕಿಲ್ಲ.) ರಾತ್ರಿ ಉಪವಾಸದಲ್ಲಿ ರಕ್ತಕ್ಕೆ ಸಕ್ಕರೆ ಬಿಡುವುದೂ ಮುಖ್ಯವಾಗಿ ಇದೇ ಅಂಗ. ಲಿವರಿನಲ್ಲಿ ಕೊಬ್ಬು ತುಂಬಿದಾಗ ಈ ಲೆಕ್ಕಗಳಲ್ಲಿ ಹಲವು ಏರುಪೇರಾಗುತ್ತವೆ. ಫ್ಯಾಟಿ ಲಿವರ್ ಇದ್ದವರ ರಕ್ತನಾಳಗಳು ಅದೇ ವಯಸ್ಸಿನ ಇತರರಿಗಿಂತ ಗಡುಸಾಗಿರುತ್ತವೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ.

ಕಟ್ಟಿಕೊಳ್ಳುವ ನಾಳ, ಗಡುಸಾಗುವ ನಾಳ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಬೆಂಗಳೂರಿನ ಆಸ್ಪತ್ರೆಗಳ ಮುಂದೆ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. 2025ರ ಬೇಸಿಗೆ ಕಳೆದು ಹಾಸನ ಜಿಲ್ಲೆಯ ಸಾವುಗಳು ಸುದ್ದಿಯಾದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ಮತ್ತೆ ಅದೇ ನೂಕುನುಗ್ಗಲು. ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಒಂದೇ ಪದ: ‘ಬ್ಲಾಕ್’. ನಾಳದ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗುವುದು, ಒಂದು ದಿನ ಅಲ್ಲೇ ರಕ್ತ ಹೆಪ್ಪುಗಟ್ಟುವುದು. ಇದು ನಮಗೆಲ್ಲ ಗೊತ್ತಿರುವ ಕಾಯಿಲೆ.

ಗೊತ್ತಿಲ್ಲದ್ದು ಇನ್ನೊಂದಿದೆ. ಎಲ್ಲೂ ಬ್ಲಾಕ್ ಇಲ್ಲದೆಯೂ ದೊಡ್ಡ ನಾಳಗಳ ಗೋಡೆಯೇ ಹಿಗ್ಗುವ ಗುಣ ಕಳೆದುಕೊಳ್ಳುವುದು. ಎರಡೂ ಕೈಹಿಡಿದು ಬರುವುದುಂಟು, ಆದರೆ ಎರಡೂ ಒಂದೇ ಅಲ್ಲ.

ಹೃದಯದಿಂದ ಹೊರಡುವ ಮಹಾಪಧಮನಿಯನ್ನು ಬರೀ ಕೊಳವೆ ಎಂದುಕೊಂಡರೆ ಅದರ ಅರ್ಧ ಕೆಲಸ ಮರೆತಂತೆ. ಹಾರ್ಮೋನಿಯಂ ನುಡಿಸುವವರು ಒಂದು ಕೈಯಲ್ಲಿ ತಿದಿಯನ್ನು ಬಿಟ್ಟುಬಿಟ್ಟು ಒತ್ತುತ್ತಾರೆ. ಆದರೂ ಸ್ವರ ತುಂಡಾಗುವುದಿಲ್ಲ. ಒಳಗಿರುವ ಇನ್ನೊಂದು ತಿದಿ ಗಾಳಿಯನ್ನು ಕೂಡಿಟ್ಟುಕೊಂಡು ಒಂದೇ ಸಮನೆ ಬಿಡುತ್ತಿರುತ್ತದೆ. ಮಹಾಪಧಮನಿ ಆ ಒಳತಿದಿ. ಹೃದಯ ಒತ್ತಿದಾಗ ಹಿಗ್ಗಿ ರಕ್ತದ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೃದಯ ಬಿಡುವು ತೆಗೆದುಕೊಂಡಾಗ ಕುಗ್ಗಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಹೃದಯದ ಸ್ವಂತ ಸ್ನಾಯುವಿಗೆ ರಕ್ತ ಹರಿಯುವುದು ಹೆಚ್ಚಾಗಿ ಈ ಬಿಡುವಿನ ಹೊತ್ತಿನಲ್ಲೇ.

ಹಿಗ್ಗಿ ಕುಗ್ಗುವ ಈ ಗುಣ ಬರುವುದು ಎಲಾಸ್ಟಿನ್ ಎಂಬ ಎಳೆಗಳಿಂದ. ಈ ಲೇಖನದ ತಿರುಳು ಇಲ್ಲೇ ಇದೆ. ಎಲಾಸ್ಟಿನ್ ಬಹುಮಟ್ಟಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗ ಮತ್ತು ಹುಟ್ಟಿದ ಮೊದಲ ವರ್ಷಗಳಲ್ಲಿ ನೇಯ್ದು ಮುಗಿಯುತ್ತದೆ. ದೊಡ್ಡವರಾದ ಮೇಲೆ ದೇಹ ಅದನ್ನು ಹೊಸದಾಗಿ ಕಟ್ಟುವುದು ತೀರಾ ಅಲ್ಪ. ನಿಮಿಷಕ್ಕೆ 70ರಂತೆ ದಿನಕ್ಕೆ ಲಕ್ಷ ಬಡಿತ. 30 ವರ್ಷಕ್ಕೆ 110 ಕೋಟಿ. ಬಡಿತಕ್ಕೊಮ್ಮೆ ಹಿಗ್ಗಿ ಕುಗ್ಗಿ ಎಳೆಗಳು ಸವೆಯುತ್ತವೆ, ತುಂಡಾಗುತ್ತವೆ. ಆಗ ಭಾರ ಹೊರುವುದು ಕೊಲಾಜೆನ್. ಅದು ಗಟ್ಟಿ, ಆದರೆ ಹಿಗ್ಗದು.

ನಾಳ ಗಡುಸಾದಂತೆ ಮೇಲಿನ ಬಿಪಿ ಏರುತ್ತದೆ. ಕೆಳಗಿನದು ಐವತ್ತರ ನಂತರ ನಿಧಾನವಾಗಿ ಇಳಿಯತೊಡಗುತ್ತದೆ. 120/80 ಇದ್ದವರು ಇಳಿವಯಸ್ಸಿನಲ್ಲಿ 160/75 ಆಗುವುದು ಹೀಗೆ. ಕೆಳಗಿನದು ಚೆನ್ನಾಗೇ ಇದೆಯಲ್ಲ ಎಂದು ಸಮಾಧಾನಪಡುವ ಹಿರಿಯರನ್ನು ಪ್ರತಿ ಊರಿನಲ್ಲೂ ಕಾಣುತ್ತೇವೆ. ಎರಡರ ನಡುವಿನ ಅಂತರ 40ರಿಂದ 85ಕ್ಕೆ ಹೋಗಿದೆ, ಅದೇ ಗಡುಸುತನದ ಗುರುತು. ಮಿದುಳು ಮತ್ತು ಮೂತ್ರಪಿಂಡದ ನಾಳಗಳು ಸದಾ ತೆರೆದುಕೊಂಡಿರುವ ಸೂಕ್ಷ್ಮ ನಾಳಗಳು. ಮಹಾಪಧಮನಿ ತಡೆದುಕೊಳ್ಳದ ಪೆಟ್ಟು ನೇರ ಅವುಗಳ ಮೇಲೆ ಬೀಳುತ್ತದೆ. ಪಾರ್ಶ್ವವಾಯು, ಮರೆವು, ಕಿಡ್ನಿ ಸೋಲುವುದು ಇವುಗಳ ಹಿಂದೆ ಈ ಪೆಟ್ಟಿನ ಪಾಲೂ ಇದೆ.

ಅಳೆಯುವುದು ಹೇಗೆ

ಬಿಪಿ ಅಳೆಯುವ ತೋಳುಪಟ್ಟಿ ಬಂದದ್ದು 1896ರಲ್ಲಿ. ಅದಕ್ಕೂ ಎರಡು ದಶಕ ಮೊದಲೇ ನಾಡಿಯ ಅಲೆಯನ್ನು ಕಾಗದದ ಮೇಲೆ ಗೀರಿಸಿ ಅದರ ಆಕಾರದಿಂದಲೇ ರಕ್ತದ ಒತ್ತಡವನ್ನು ಗುರುತಿಸಿದ ವೈದ್ಯನೊಬ್ಬನಿದ್ದ. ಹೆಸರು ಫ್ರೆಡರಿಕ್ ಅಕ್ಬರ್ ಮಹಮದ್, ಲಂಡನ್ನಿನ ಗೈಸ್ ಆಸ್ಪತ್ರೆಯವನು. ಪಾಟ್ನಾದಿಂದ ಇಂಗ್ಲೆಂಡಿಗೆ ಹೋಗಿ ಬ್ರೈಟನ್ನಿನಲ್ಲಿ ಚಂಪಿ ಸ್ನಾನದ ಮನೆ ತೆರೆದ ಶೇಖ್ ದೀನ್ ಮಹಮದನ ಮೊಮ್ಮಗ. ಮುಪ್ಪಿನ ನಾಡಿಯ ಅಲೆಯೂ ಒತ್ತಡ ಹೆಚ್ಚಾದವರ ಅಲೆಯೂ ಒಂದನ್ನೊಂದು ಹೋಲುವುದನ್ನು ಅವನು ಕಂಡುಕೊಂಡ. 1884ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ ಟೈಫಾಯಿಡಿಗೆ ಬಲಿಯಾದ. ಇನ್ನೂ ಮೂವತ್ತು ವರ್ಷ ಬದುಕಿದ್ದರೆ ಹೃದ್ರೋಗ ಶಾಸ್ತ್ರದ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಇಂದು ಅಳೆಯುವುದು ಆ ಅಲೆಯ ವೇಗವನ್ನು. ರಕ್ತ ಹರಿಯುವ ವೇಗ ಬೇರೆ, ಅದು ನಿಧಾನ. ಹೃದಯದ ಪೆಟ್ಟು ನಾಳದ ಗೋಡೆಗುಂಟ ಓಡುವ ವೇಗ ಇದು. ಎಳೆಯರಲ್ಲಿ ಸೆಕೆಂಡಿಗೆ ಐದಾರು ಮೀಟರ್. ನಾಳ ಗಡುಸಾದಷ್ಟೂ ಅಲೆ ಬೇಗ ಓಡುತ್ತದೆ. ಕುತ್ತಿಗೆಯ ನಾಡಿಯಿಂದ ತೊಡೆಸಂದಿನ ನಾಡಿಯವರೆಗೆ ಅಳೆದಾಗ 10 ಮೀಟರ್ ದಾಟಿದರೆ ಎಚ್ಚರಿಕೆಯ ಗೆರೆ ಎಂದು 2012ರಲ್ಲಿ ಯುರೋಪಿನ ತಜ್ಞರು ಒಪ್ಪಿಕೊಂಡರು. ವೇಗ ಒಂದು ಮೀಟರ್ ಹೆಚ್ಚಿದರೆ ಹೃದಯ ಮತ್ತು ನಾಳಗಳ ಅವಘಡಗಳು ಸುಮಾರು ಶೇ 14ರಷ್ಟು ಹೆಚ್ಚುತ್ತವೆ ಎಂದು 2010ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರು ತೋರಿಸಿದರು.

ಈ ಅಳತೆಗೆ ನಮ್ಮಲ್ಲೇ ಯಂತ್ರವಿದೆ. ಹೈದರಾಬಾದಿನ ಜೆನೆಸಿಸ್ ಮೆಡಿಕಲ್ ಸಿಸ್ಟಮ್ಸ್ ತಯಾರಿಸಿದ ‘ಪೆರಿಸ್ಕೋಪ್’ ಎರಡು ತೋಳಿಗೆ, ಎರಡು ಕಾಲಿಗೆ ಬಿಪಿ ಪಟ್ಟಿ ಕಟ್ಟಿ, ಜೊತೆಗೆ ಇಸಿಜಿ ತಂತಿ ಜೋಡಿಸಿ ಅಲೆಯ ವೇಗ ಲೆಕ್ಕ ಹಾಕುತ್ತದೆ. ಪಂಜಾಗುಟ್ಟದ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯ ಎಂ.ಯು.ಆರ್. ನಾಯ್ಡು ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೂಜಿ ಬೇಡ, ಉಪವಾಸ ಬೇಡ.

ಸಾಕ್ಷಿಯೋ, ಅಪರಾಧಿಯೋ

ಹಾಗಾದರೆ ರಕ್ತದ ಸೂಚಕಗಳಿಂದ ಉಪಯೋಗವಿಲ್ಲವೇ? ಇದೆ. ಯಾವುದು ನಾಳವನ್ನು ಕೆಡಿಸುತ್ತದೆ, ಯಾವುದು ಕೆಟ್ಟದ್ದನ್ನು ಬರೀ ಹೇಳುತ್ತದೆ ಎಂಬ ವಿವೇಕ ಬೇಕು.

ಸಕ್ಕರೆ ಕೆಡಿಸುವ ಗುಂಪಿನದು. ರಕ್ತದಲ್ಲಿ ಹೆಚ್ಚಾದ ಗ್ಲೂಕೋಸ್ ಪ್ರೊಟೀನುಗಳಿಗೆ ಅಂಟಿಕೊಳ್ಳುತ್ತದೆ. ಹಿಮೋಗ್ಲೋಬಿನ್ನಿಗೆ ಅಂಟಿದ್ದನ್ನೇ ಎಚ್‌ಬಿಎ1ಸಿ ಎಂದು ಅಳೆಯುವುದು. ಮಧುಮೇಹಿಗಳಲ್ಲಿ ಅದು ಹೆಚ್ಚಿರುವುದನ್ನು 1960ರ ದಶಕದ ಕೊನೆಗೆ ಕಂಡವರು ಇರಾನಿನ ವೈದ್ಯ ಸ್ಯಾಮುಯೆಲ್ ರಹಬರ್. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ, ಅದರೊಂದಿಗೆ ಆ ಅಂಟೂ ಹೋಗುತ್ತದೆ. ಆದರೆ ನಾಳದ ಗೋಡೆಯ ಕೊಲಾಜೆನ್‌ಗೆ ಅಂಥ ಬಿಡುಗಡೆಯಿಲ್ಲ. ವರ್ಷಗಟ್ಟಲೆ ಸಕ್ಕರೆ ಅಂಟಿ ಎಳೆ ಎಳೆಗೂ ಬೆಸುಗೆ ಬೀಳುತ್ತದೆ. ಈ ಬೆಸುಗೆ ಬಿಡಿಸುವ ಅಲಗೆಬ್ರಿಯಮ್ ಎಂಬ ಔಷಧ 2001ರಲ್ಲಿ ದೊಡ್ಡ ಆಸೆ ಹುಟ್ಟಿಸಿತ್ತು. ಅದು ಮಾರುಕಟ್ಟೆಗೆ ಬರಲೇ ಇಲ್ಲ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಅಷ್ಟು ಜನರ ನಾಳದಲ್ಲಿ ಈ ಕ್ರಿಯೆ ಬೇಗ ಬೇಗ ನಡೆಯುತ್ತಿದೆ.

ಹೋಮೋಸಿಸ್ಟೀನ್ ಕತೆ ಬೇರೆ. ಅದು ಏರಿದವರಲ್ಲಿ ಹೃದ್ರೋಗ ಹೆಚ್ಚು ಎಂಬುದು ದಿಟ. ಬಿ ವಿಟಮಿನ್ ಕೊಟ್ಟರೆ ಅದು ಇಳಿಯುತ್ತದೆ ಎಂಬುದೂ ದಿಟ. ಆದರೆ 2006ರಲ್ಲಿ ಹೊರಬಂದ ಎರಡು ದೊಡ್ಡ ಪ್ರಯೋಗಗಳಲ್ಲಿ ಹೋಮೋಸಿಸ್ಟೀನ್ ಇಳಿದರೂ ಹೃದಯಾಘಾತ ಇಳಿಯಲಿಲ್ಲ. ಸಸ್ಯಾಹಾರಿಗಳು ಹೆಚ್ಚಿರುವ ನಮ್ಮಲ್ಲಿ ಬಿ12 ಕೊರತೆ ಸಾಮಾನ್ಯ. ನರ ಮತ್ತು ರಕ್ತದ ಸಲುವಾಗಿ ಅದನ್ನು ಸರಿಪಡಿಸಲೇಬೇಕು, ಆದರೆ ಅದರಿಂದ ರಕ್ತನಾಳ ಎಳೆಯದಾಯಿತು ಎಂದುಕೊಳ್ಳಬಾರದು. ಸಿಆರ್‌ಪಿಯೂ ಹೀಗೇ. ಅದು ಸಾಕ್ಷಿ, ಅಪರಾಧಿಯಲ್ಲ ಎಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. ವೈರಲ್ ಜ್ವರ ಬಂದು ಹೋದ ವಾರ ಪರೀಕ್ಷಿಸಿದರೆ ಯಾರ ಸಿಆರ್‌ಪಿಯಾದರೂ ಏರಿರುತ್ತದೆ.

ಇನ್ನು ಆ ‘ದೇಹದ ವಯಸ್ಸು’. ಹೆಚ್ಚು ಬಳಕೆಯಲ್ಲಿರುವ ಸೂತ್ರಗಳಲ್ಲೊಂದು ಅಮೆರಿಕದ ಮಾರ್ಗನ್ ಲೆವಿನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ್ದು. ಆಲ್ಬುಮಿನ್, ಕ್ರಿಯಾಟಿನಿನ್, ಗ್ಲೂಕೋಸ್, ಸಿಆರ್‌ಪಿ, ಅಲ್ಕಲೈನ್ ಫಾಸ್ಫಟೇಸ್, ಬಿಳಿ ರಕ್ತಕಣಗಳ ಎಣಿಕೆ, ಅವುಗಳಲ್ಲಿ ಲಿಂಫೊಸೈಟಿನ ಪಾಲು, ಕೆಂಪು ಕಣದ ಸರಾಸರಿ ಗಾತ್ರ, ಆ ಗಾತ್ರದ ಏರುಪೇರು. ಒಟ್ಟು ಒಂಬತ್ತು ಸಂಖ್ಯೆ, ಜೊತೆಗೆ ನಿಜವಾದ ವಯಸ್ಸು. ಎಲ್ಲವೂ ಸಾಮಾನ್ಯ ಲ್ಯಾಬಿನಲ್ಲೇ ಆಗುವ ಪರೀಕ್ಷೆಗಳು ಎಂಬುದು ಇದರ ಹೆಚ್ಚುಗಾರಿಕೆ. ಆದರೆ ಸೂತ್ರ ಕಟ್ಟಿದ್ದು ಅಮೆರಿಕನ್ನರ ಸಮೀಕ್ಷೆಯ ಲೆಕ್ಕದ ಮೇಲೆ. ನಮ್ಮಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳುತ್ತದೆ. ಕಬ್ಬಿಣದಂಶ ಕಡಿಮೆಯಾದಾಗ ಕೆಂಪು ಕಣಗಳ ಗಾತ್ರದ ಏರುಪೇರು ಹೆಚ್ಚುತ್ತದೆ. ಸೂತ್ರ ಅದನ್ನು ಮುಪ್ಪು ಎಂದು ಓದಿಕೊಳ್ಳುತ್ತದೆ. ಕಬ್ಬಿಣದ ಮಾತ್ರೆಯಿಂದ ಸರಿಹೋಗುವ ಇಪ್ಪತ್ತೆಂಟರ ಹೆಣ್ಣುಮಗಳಿಗೆ ನಿನ್ನ ದೇಹಕ್ಕೆ ಮೂವತ್ತೈದಾಯಿತು ಎಂದು ಹೇಳಿದರೆ ಅದು ವಿಜ್ಞಾನವಲ್ಲ, ಹೆದರಿಕೆ. ಅಂಥ ರಿಪೋರ್ಟು ಬಂದವರು ಮೊದಲು ಹಿಮೋಗ್ಲೋಬಿನ್ ನೋಡಿಕೊಳ್ಳಿ.

ಇಪ್ಪತ್ತೊಂಬತ್ತು ಹಳ್ಳಿಗಳು

ಈಗ ಎರಡನೆಯ ಅಧ್ಯಯನ. 1987ರಿಂದ 1990ರವರೆಗೆ ಹೈದರಾಬಾದಿನ ಸುತ್ತಲಿನ 29 ಹಳ್ಳಿಗಳಲ್ಲಿ ತಾರ್ನಾಕದ ರಾಷ್ಟ್ರೀಯ ಪೋಷಣಾ ಸಂಸ್ಥೆ ಒಂದು ಪ್ರಯೋಗ ನಡೆಸಿತು. ಅಂಗನವಾಡಿಗಳ ಯೋಜನೆ ಆಗ ಹಂತಹಂತವಾಗಿ ಹಬ್ಬುತ್ತಿದ್ದ ಕಾಲ. 15 ಹಳ್ಳಿಗಳಲ್ಲಿ ಬಸುರಿಯರಿಗೂ ಆರು ವರ್ಷದೊಳಗಿನ ಮಕ್ಕಳಿಗೂ ದಿನಾ ಪೌಷ್ಟಿಕ ಆಹಾರ ಸಿಗುತ್ತಿತ್ತು. ಉಳಿದ 14 ಹಳ್ಳಿಗಳಿಗೆ ಯೋಜನೆ ಇನ್ನೂ ತಲುಪಿರಲಿಲ್ಲ.

ಆ ಮಕ್ಕಳು 13ರಿಂದ 18 ವರ್ಷದವರಾದಾಗ ಸಂಶೋಧಕರು ಮರಳಿ ಹೋದರು. ಲಂಡನ್ನಿನ ಸಂಜಯ್ ಕಿನ್ರಾ ಮುಂದಾಳತ್ವದಲ್ಲಿ 1165 ಮಂದಿಯನ್ನು ಪರೀಕ್ಷಿಸಿದ ಫಲಿತಾಂಶ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಆಹಾರ ಸಿಕ್ಕ ಹಳ್ಳಿಗಳ ಮಕ್ಕಳು ಸರಾಸರಿ 14 ಮಿಲಿಮೀಟರ್ ಎತ್ತರವಾಗಿದ್ದರು. ದಪ್ಪಗಾಗಿರಲಿಲ್ಲ. ಅವರಲ್ಲಿ ಇನ್ಸುಲಿನ್ ಪ್ರತಿರೋಧ ಶೇ 20ರಷ್ಟು ಕಡಿಮೆ ಇತ್ತು. ನಾಳದ ಗಡುಸುತನ ತೋರಿಸುವ ಸೂಚ್ಯಂಕವೂ ಶೇ 3.3ರಷ್ಟು ಕಡಿಮೆ. ಚಿಕ್ಕಂದಿನ ಊಟ ಹದಿನೈದು ವರ್ಷದ ಆಚೆ ರಕ್ತನಾಳದ ಗೋಡೆಯಲ್ಲಿ ಕಂಡಿತ್ತು!

ಅತಿಯಾಗಿ ಹೇಳಬಾರದು. ಹಳ್ಳಿಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲ. ಆ ಸೂಚ್ಯಂಕದ ಮೇಲೆ ದೇಹದ ಎತ್ತರದ ಪ್ರಭಾವವೂ ಒಂದಿಷ್ಟಿದೆ. ಮೈಸೂರಿನ ಅನುಭವ ಬೇರೆ ಪಾಠ ಹೇಳುತ್ತದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟಿತ್ತು. ಆ ಕಡತ ಹಿಡಿದು ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು 1934ರಿಂದ 1954ರೊಳಗೆ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಐದೂವರೆ ಪೌಂಡು ಅಥವಾ ಅದಕ್ಕೂ ಕಡಿಮೆ ತೂಕದವರಾಗಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ. ಏಳು ಪೌಂಡು ಮೀರಿದವರಲ್ಲಿ 3 ಮಂದಿಗೆ. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಆದರೆ ಅದೇ ಮೈಸೂರಿನವರ ನಾಳದ ಗಡುಸುತನ ಅಳೆದು ನೋಡಿದಾಗ ಹುಟ್ಟುತೂಕಕ್ಕೂ ಅದಕ್ಕೂ ಸಂಬಂಧ ಸಿಗಲಿಲ್ಲ. ಅದು ಪ್ರಕಟವಾದದ್ದು 2000ದಲ್ಲಿ. ಹುಟ್ಟುತೂಕ ಒಂದೇ ಎಲ್ಲವನ್ನೂ ಹೇಳದು ಎಂದಾಯಿತು. ಬಸಿರಿನಿಂದ ಆರು ವರ್ಷದವರೆಗೆ ನಿರಂತರ ಸಿಗುವ ಆಹಾರ ಬೇರೆಯೇ ಕೆಲಸ ಮಾಡುತ್ತಿರಬಹುದು. ಎಲಾಸ್ಟಿನ್ ನೇಯುವ ಕಾಲ ಅದೇ ಎಂಬುದನ್ನು ನೆನೆದರೆ ಹಳ್ಳಿಗಳ ಫಲಿತಾಂಶವನ್ನು ಪಕ್ಕಕ್ಕಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ದೊಡ್ಡವರಾದ ನಾವು ಏನು ಮಾಡಬಹುದು? ತುಂಡಾದ ಎಲಾಸ್ಟಿನ್ ಮರಳದು. ಆದರೂ ಗಡುಸುತನದಲ್ಲಿ ಒಂದು ಭಾಗ ಗೋಡೆಯ ಸ್ನಾಯುವಿನ ಬಿಗಿತ ಮತ್ತು ಒಳಪದರದ ಅನಾರೋಗ್ಯದಿಂದ ಬಂದದ್ದು. ಅದನ್ನು ಸಡಿಲಿಸಬಹುದು. ಓಡಾಟವಿಲ್ಲದ ನಡುವಯಸ್ಸಿನ ಗಂಡಸರು ಮೂರು ತಿಂಗಳು ಚುರುಕಾಗಿ ನಡೆದಾಗ ನಾಳ ಹಿಗ್ಗುವ ಗುಣ ಸುಧಾರಿಸಿದ್ದನ್ನು 2000ದ ಒಂದು ಅಧ್ಯಯನ ದಾಖಲಿಸಿದೆ. ಬ್ರೆಜಿಲ್ಲಿನ ಕಾಡಿನ ಯಾನೊಮಾಮಿ ಜನ ಉಪ್ಪನ್ನೇ ಬಳಸದವರು. ವಯಸ್ಸಾದರೂ ಅವರ ಬಿಪಿ ಏರುವುದಿಲ್ಲ ಎಂದು 1988ರ ಇಂಟರ್‌ಸಾಲ್ಟ್ ಅಧ್ಯಯನ ತೋರಿಸಿತು. ನಾವು ಕಾಡಿಗೆ ಹೋಗಬೇಕಿಲ್ಲ. ದಿನಕ್ಕೆ ಐದು ಗ್ರಾಂ ಉಪ್ಪಿನೊಳಗೆ ಇರಬೇಕಾದರೆ ಆವಕಾಯಿ, ಹಪ್ಪಳ, ಸಂಡಿಗೆ, ಹೋಟೆಲಿನ ಬಿರಿಯಾನಿ ಇವು ದಿನದ ಊಟವಾಗದೆ ಹಬ್ಬದ ಊಟವಾಗಬೇಕು. ತಂಬಾಕು ಬಿಡಬೇಕು. ಬಿಪಿ ಮಾತ್ರೆಯನ್ನು ನಡುವೆ ನಿಲ್ಲಿಸಬಾರದು. ಇಂಡಿಯಾಬ್ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5 ಮಂದಿಗೆ ಬಿಪಿ ಇದೆ.

ಗಚ್ಚಿಬೌಲಿಯ ಹುಡುಗರಿಗೆ ನನ್ನ ಮಾತು ಇಷ್ಟು. ‘ದೇಹದ ವಯಸ್ಸು’ ಹೇಳುವ ಪ್ಯಾಕೇಜಿನ ಬದಲು ಒಂದು ಬಿಪಿ ಯಂತ್ರ ಕೊಂಡು ಊರಿಗೆ ಒಯ್ಯಿರಿ. ಅಪ್ಪ ಅಮ್ಮನನ್ನು ಐದು ನಿಮಿಷ ಸುಮ್ಮನೆ ಒರಗಿ ಕೂರಿಸಿ, ತೋಳು ಎದೆಮಟ್ಟದಲ್ಲಿರಲಿ, ಎರಡು ಸಲ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಮೇಲಿನದರಲ್ಲಿ ಕೆಳಗಿನದನ್ನು ಕಳೆಯಿರಿ. ಅಂತರ 60 ಮೀರಿದರೆ ಆ ಚೀಟಿಯನ್ನು ವೈದ್ಯರಿಗೆ ತೋರಿಸಿ.

ಸರ್ಕಾರಗಳಿಗೂ ಒಂದು ಮಾತಿದೆ. ಕರ್ನಾಟಕದಲ್ಲಿ ಅಂಗನವಾಡಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, ತಿ. ನರಸೀಪುರದಲ್ಲಿ. 2017ರಲ್ಲಿ ಬಸುರಿ ಬಾಣಂತಿಯರ ಬಿಸಿಯೂಟಕ್ಕೆ ಮಾತೃಪೂರ್ಣ ಬಂತು. ತೆಲಂಗಾಣದಲ್ಲಿ ಆರೋಗ್ಯಲಕ್ಷ್ಮಿ ಇದೆ. ಈ ಊಟದ ದರವನ್ನು ಪೈಸೆ ಲೆಕ್ಕದಲ್ಲಿ ಚೌಕಾಸಿ ಮಾಡುವ ಸಭೆಗಳಿಗೆ ಹೃದ್ರೋಗ ತಜ್ಞರನ್ನೂ ಕರೆಯಬೇಕು. ಮೊಟ್ಟೆ, ಹಾಲು, ಬೇಳೆಗೆ ಇಂದು ಕಡಿತ ಮಾಡಿದ ಹಣವನ್ನು ನಲವತ್ತು ವರ್ಷದ ಮೇಲೆ ಜಯದೇವದಂಥ ಆಸ್ಪತ್ರೆಗಳಲ್ಲಿ ಎಷ್ಟೋ ಪಟ್ಟಾಗಿ ಕಟ್ಟಬೇಕಾಗುತ್ತದೆ ಎಂದು ಅವರು ಆ ಸಭೆಯಲ್ಲೇ ಹೇಳಲಿ.